ಆಮೆರಾಣಿಯ ಕನ್ನಡ

“ನಿಮ್ದು ಯಾವ ದೇಶರೀ ಮೇಡಂ?”

ಕನ್ನಡ ಕಲಿಸಲು ಬೀದರ್ ಜಿಲ್ಲೆಯ ಔರಾದಿನ ಶಾಲೆಗೆ ಬಂದ ಮೊದಲ ದಿನವೇ ಏಳನೇ ತರಗತಿಯ ಶಬಾನಾ ಹೀಗೆ ಕೇಳಿದಳು. ತಮಾಷೆಗಲ್ಲ. ನನ್ನ ಮಂಡ್ಯದ ಮಾತು ಅವಳಿಗೆ ಅರ್ಧ ತಿಳಿದಿರಲಿಲ್ಲ. ಅವಳದು ನನಗೆ ಕಾಲುಭಾಗವೂ ತಿಳಿಯಲಿಲ್ಲ.

ಕೇಳಿ ನಮ್ಮ ಮಂಡ್ಯದವರೇ, ಇಲ್ಲಿ ಬಾಡಿಗೆ ಕೋಣೆಗೆ ಖೋಲಿ ಎನ್ನುತ್ತಾರೆ. ಮುದ್ದೆ ನುಂಗಿ ಬೆಳೆದವಳು ಜೋಳದ ರೊಟ್ಟಿ ಅಗಿಯಲು ಕಲಿತೆ. ಭಾನುವಾರ ಮಾತಿಗೆ ಯಾರೂ ಇಲ್ಲದೆ ಶಾಲೆಯ ಪುಸ್ತಕದ ಕಪಾಟು ಜೋಡಿಸುತ್ತ ಕೂರುತ್ತಿದ್ದೆ. ಅಲ್ಲಿ ಸಿಕ್ಕಿತು, ಬಾಲ್ಯದಲ್ಲಿ ನಾನು ಓದಿದ್ದ ಮಾಯಾಲೋಕದ ಕಾದಂಬರಿ. ಹನ್ನೆರಡು ಪುಸ್ತಕಗಳ ಮಾಲೆಯಲ್ಲಿ ನಾಲ್ಕನೆಯದು. ಉಳಿದವನ್ನು ಮುಟ್ಟದವರೂ ಇದನ್ನು ಮರೆಯುವುದಿಲ್ಲ. ನೆರಳು ಕಳೆದುಕೊಂಡ ಹುಡುಗಿ ಬಾವಿಯ ಮೆಟ್ಟಿಲಿಳಿದು, ಅದನ್ನು ಕದ್ದ ಆಮೆರಾಣಿಯ ಜೊತೆ ವಾದಕ್ಕೆ ನಿಲ್ಲುವ ಕಥೆ.

ಮನೆಯಲ್ಲಿ ದಖನಿ ಉರ್ದು ಆಡುವ ಶಬಾನಾ ಅದನ್ನು ಮೂರು ಸಲ ಓದಿದಳು. ಒಂದು ದಿನ ಎದ್ದು ನಿಂತು, ಹುಡುಗಿಯೂ ರಾಣಿಯೂ ತಾನೇ ಆಗಿ, ಆ ಕಥೆಯನ್ನು ತನ್ನ ಮಾತಿನಲ್ಲೇ ತರಗತಿಗೆ ಹೇಳಿದಳು.

“ನನ್ನ ನೆಳ್ಳ ಯಾಕ ಕದ್ದೀರಿ?”

“ನೀ ಎಂದರ ಅದರ ಕಡಿ ನೋಡೀಯೇನು?”

“ನೋಡ್ಲಿಲ್ಲಂದ್ರ ಕಳವು ಮಾಡಬೇಕೇನ್ರಿ?”

ಮಕ್ಕಳೆಲ್ಲ ಮುಂದೆ ಬಾಗಿ ಕೇಳುತ್ತಿದ್ದರು. ಅಲ್ಲಿಯವರೆಗೆ ಮಕ್ಕಳ ಬರಹದಲ್ಲಿ ಇಂಥ ಮಾತುಗಳ ಕೆಳಗೆ ಕೆಂಪು ಗೆರೆ ಎಳೆಯುತ್ತಿದ್ದವಳು ನಾನೇ. ಅವತ್ತು ನಾಚಿಕೆಯಾಯಿತು.

ಬೀದರಿನಲ್ಲಿ ಕಥೆ ಹೇಳುವ ಸ್ಪರ್ಧೆ ಇತ್ತು, ಅವಳನ್ನು ಕರೆದೊಯ್ದೆ. ಅರ್ಧಕ್ಕೇ ಮೈಸೂರು ಕಡೆಯ ತೀರ್ಪುಗಾರರೊಬ್ಬರು ಕೈಯೆತ್ತಿದರು.

“ಸಾಕಮ್ಮ. ರಾಣಿಯಾದವಳು ಹೀಗೆ ಮಾತಾಡುತ್ತಾಳಾ? ಶುದ್ಧ ಕನ್ನಡ ಕಲಿತು ಬಾ.”

ಸಭೆ ನಕ್ಕಿತು. ನಕ್ಕವರಲ್ಲಿ ಹೆಚ್ಚಿನವರು ಇದೇ ಜಿಲ್ಲೆಯವರು! ಅದೇ ನನ್ನ ಮೈ ಉರಿಸಿದ್ದು. ಶಬಾನಾ ಓಢಣಿಯ ತುದಿ ಹಿಡಿದು ವೇದಿಕೆಯ ಮೇಲೇ ನಿಂತಿದ್ದಳು.

ನಾನೂ ಹತ್ತಿದೆ. “ಬಾವಿಯ ತಳದ ಆಮೆ ಮೈಸೂರಿನವಳು ಅಂತ ಪುಸ್ತಕದಲ್ಲಿ ಎಲ್ಲಿದೆ ಸಾರ್? ಆಮೆ ಮಾತಾಡಿದ್ದನ್ನು ಒಪ್ಪಿದಿರಿ. ಬೀದರಿನವರ ಹಾಗೆ ಮಾತಾಡಿದರೆ ಆಗದಾ?”

“ನೀವು ನಮ್ಮ ಕಡೆಯವರಲ್ಲವೇ? ನೀವೇ ತಿದ್ದಬೇಕಿತ್ತು.”

“ತಿದ್ದುತ್ತಿದ್ದೆ. ಅದೇ ನಾನು ಮಾಡಿದ ತಪ್ಪು. ಇವಳ ಕಥೆ ಮುಗಿಯದೆ ನಾನು ಕೆಳಗಿಳಿಯುವುದಿಲ್ಲ.”

ಅವರು ಗಡಿಯಾರ ನೋಡಿಕೊಂಡು, ಮುಗಿಸಲಿ ಎಂದು ಕೈ ಬೀಸಿದರು. ಶಬಾನಾ ಮೊದಲು ಪಿಸುಗುಟ್ಟಿದಳು, ಆಮೇಲೆ ದನಿ ಎತ್ತಿದಳು. ನೆರಳನ್ನು ವಾಪಸು ತಂದೇ ಬಿಟ್ಟಳು. ಹಿಂದಿನ ಸಾಲಿನ ಹೆಂಗಸರು ಜೋರಾಗಿ ಚಪ್ಪಾಳೆ ತಟ್ಟಿದರು. ಬಹುಮಾನ ಬರಲಿಲ್ಲ.

ಔರಾದಿನ ಬಸ್ಸಿನಲ್ಲಿ ಅವಳಿಗೆ ಹೇಳಿದೆ, “ಇನ್ನ ನಾ ನಿಮ್ಮ ಕಡಿಯಾಕಿ ಐತಿ.”

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. “ಐತಿ ಅಲ್ರಿ ಮೇಡಂ, ಇದ್ದೀನಿ ಅನ್ರಿ.”

ಅಷ್ಟರಲ್ಲಿ ಮಂಡ್ಯದಿಂದ ಅಮ್ಮನ ಫೋನ್. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

“ಅದೇನೇ ಆ ಕಡೆಯೋರಂಗ್ ಮಾತಾಡ್ತೀಯೆ? ಸರ್ಯಾಗ್ ಮಾತಾಡು.”

ಪಕ್ಕದಲ್ಲಿ ಶಬಾನಾ ನನ್ನ ಮುಖವನ್ನೇ ನೋಡುತ್ತಿದ್ದಳು. ಯಾರ ಕನ್ನಡದಲ್ಲಿ ಅಮ್ಮನ ಮೇಲೆ ರೇಗಬೇಕೋ ನನಗೆ ತಿಳಿಯಲಿಲ್ಲ.