ಎಂಟನೆಯ ಪೆಟ್ಟು

ಊರಿಗೆಲ್ಲ ಅವನು ಟಿಂಕರ್. ಗುದ್ದಿಸಿಕೊಂಡು ಬಂದ ಕಾರುಗಳ ಬಾಗಿಲು, ಬಾನೆಟ್ಟುಗಳನ್ನು ಬಡಿದು ನೆಟ್ಟಗೆ ಮಾಡುವುದು ಮೂವತ್ತು ವರ್ಷದಿಂದ ಅವನ ಕಸುಬು. ಅವನ ಶೆಡ್ಡಿನಲ್ಲಿ ಒಂದು ಪದ್ಧತಿಯಿದೆ. ಏಳು ಪೆಟ್ಟು ಹಾಕಬೇಕು. ಎಂಟನೆಯದಕ್ಕೆ ಸುತ್ತಿಗೆ ತಡೆದು, ಎಡ ಅಂಗೈಯಿಂದ ತಗಡನ್ನು ಸವರಿ ನೋಡಬೇಕು. ಸವರದೆ ಬಡಿಯುವವನು ತಗಡನ್ನು ಕೊಲ್ಲುತ್ತಾನೆ ಎಂದು ಕಲಿಸಿದವನು ಅವನ ಅಪ್ಪ.

ಇಪ್ಪತ್ತೈದು ವರ್ಷದ ಹಿಂದೆ ನಾಲ್ವರು ಸೇರಿ ಹಾರ್ಡ್ ರಾಕ್ ಬ್ಯಾಂಡ್ ಕಟ್ಟಿದಾಗ ಡ್ರಮ್ಸ್ ಇವನ ಪಾಲಿಗೆ ಬಂತು. ಕೈಗೆ ಗೊತ್ತಿದ್ದದ್ದನ್ನೇ ಬಾರಿಸಿದ: ಏಳು ಪೆಟ್ಟು, ಒಂದು ಖಾಲಿ. ಗಿಟಾರ್ ಹಿಡಿದ ಲೈನ್‌ಮನ್ ಎಡವಿದ, ಬೇಸ್ ನುಡಿಸುತ್ತಿದ್ದ ಕಾಂಪೌಂಡರ್ ಬೈದ. ತಿಂಗಳೊಳಗೆ ಇಬ್ಬರಿಗೂ ಅದೇ ರೂಢಿಯಾಯಿತು. ಆ ಖಾಲಿ ಜಾಗದಲ್ಲಿ ಜನ ನೆಲಕ್ಕೆ ಕಾಲು ಅಪ್ಪಳಿಸತೊಡಗಿದರು. ಸುತ್ತಲ ಊರುಗಳಲ್ಲಿ ಬ್ಯಾಂಡಿಗೆ ಹೆಸರು ಬಂದದ್ದೇ ಆ ಸದ್ದಿನಿಂದ.

ಹಾಡುತ್ತಿದ್ದವನು ಅಕ್ಕನ ಗಂಡ. ಬ್ಯಾಂಡಿನ ಒಂಬತ್ತನೆಯ ವರ್ಷ ಭಾವ ಯಾರಿಗೂ ಹೇಳದೆ ಹೋಗಿ, ಅವೇ ಹಾಡುಗಳನ್ನು ಯಂತ್ರದ ತಾಳ ಹಾಕಿಸಿ ರೆಕಾರ್ಡ್ ಮಾಡಿಸಿದ. ಖಾಲಿ ಜಾಗ ಮುಚ್ಚಿಹೋಯಿತು. ಟಿಂಕರ್ ಅದನ್ನೂ ನುಂಗಿಕೊಂಡ. ಈ ವರ್ಷ ರೇಡಿಯೊದಲ್ಲಿ ಭಾವ ನಗುತ್ತ ಆಡಿದ ಮಾತು ಮಾತ್ರ ಗಂಟಲಲ್ಲೇ ನಿಂತಿತು: “ನಮ್ಮ ಡ್ರಮ್ಮರ್‌ಗೆ ಎಂಟರವರೆಗೆ ಎಣಿಸೋಕೆ ಬರ್ತಿರಲಿಲ್ಲ.”

ಬ್ಯಾಂಡಿನ ಇಪ್ಪತ್ತೈದನೆಯ ವರ್ಷಕ್ಕೆ ಊರಿನಲ್ಲೇ ಒಂದು ಕಾರ್ಯಕ್ರಮವೆಂದಾಯಿತು. ಕರೆಯಲು ಅಕ್ಕ ಶೆಡ್ಡಿಗೆ ಬಂದಳು. ಆ ಖಾಲಿ ಪೆಟ್ಟು ಯಾರದೆಂದು ಭಾವ ವೇದಿಕೆಯ ಮೇಲೆ ಹೇಳಬೇಕು, ಹಾಗಿದ್ದರೆ ಬರುತ್ತೇನೆ ಎಂದ ಟಿಂಕರ್. ಹೇಳಿಸುವುದು ತನ್ನ ಜವಾಬ್ದಾರಿ ಎಂದು ಒಪ್ಪಿಕೊಂಡು ಹೋದಳು.

ತಾಲೀಮು ಊರಿನ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ, ಮೇಜುಗಳನ್ನು ಗೋಡೆಗೆ ಸರಿಸಿ. ಟಿಂಕರ್ ಏಳು ಬಾರಿಸಿ ತಡೆದ. ಲೈನ್‌ಮನ್, ಕಾಂಪೌಂಡರ್ ಇಬ್ಬರ ಕೈಯೂ ತಾನಾಗಿ ನಿಂತಿತು. ರೆಕಾರ್ಡಿನ ತಾಳಕ್ಕೆ ಒಗ್ಗಿಹೋಗಿದ್ದ ಭಾವ ಒಬ್ಬನೇ ಹಾಡುತ್ತ ಮುಂದೆ ಹೋಗಿ ಬಾಯಿ ಬಿಟ್ಟುಕೊಂಡು ನಿಂತ. ಕಾಂಪೌಂಡರ್ ನಕ್ಕುಬಿಟ್ಟ. ಅಲ್ಲಿಗೆ ಕೆಟ್ಟಿತು.

“ರೆಕಾರ್ಡಲ್ಲಿ ಇರೋ ಹಾಗೆ ಬಾರಿಸಯ್ಯಾ,” ಎಂದ ಭಾವ.

“ಅದರಲ್ಲಿ ಬಾರಿಸಿದ್ದು ನಾನಲ್ವಲ್ಲ ಭಾವ.”

ರೇಡಿಯೊದಲ್ಲಿ ಅಂದದ್ದು ತಮಾಷೆಗೆ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ಭಾವ ಸಮಾಧಾನ ಹೇಳಿದ. ವೇದಿಕೆಯಲ್ಲಿ ಏನು ಹೇಳುತ್ತೀರಿ ಎಂದು ಟಿಂಕರ್ ಕೇಳಿದ. ತಾಲೀಮು ನೋಡಲು ಬಂದು ಕೂತಿದ್ದ ಹೆಂಡತಿಯ ಮುಖವನ್ನು ಭಾವ ನೋಡಿದ. ಅವಳು ಗಂಡನಿಗೆ ವಿಷಯವನ್ನೇ ತಿಳಿಸಿರಲಿಲ್ಲ.

“ಒಂದು ಪೆಟ್ಟಿಗೆ ಇಷ್ಟು ರಂಪಾನೇನೋ?” ಎಂದಳು ಅಕ್ಕ.

“ನಂದು ಅಂತ ಇದ್ದಿದ್ದೇ ಅದೊಂದು ಕಣೇ. ಅದನ್ನೂ ತಪ್ಪು ಅಂತ ಊರಿಗೆಲ್ಲ ಸಾರಿಬಿಟ್ರಿ.”

ಕೋಲುಗಳನ್ನು ಡ್ರಮ್ಮಿನ ಮೇಲಿಟ್ಟು ಹೊರಟುಹೋದ. ಕಾರ್ಯಕ್ರಮ ಯಂತ್ರದ ತಾಳದಲ್ಲೇ ನಡೆಯಿತು. ಭಾವ ಎಂಟರ ಲೆಕ್ಕದ ತಮಾಷೆಯನ್ನು ಅಲ್ಲೂ ಹೇಳಿದ. ಇಡೀ ಮೈದಾನ ನಕ್ಕಿತು ಎಂದು ಲೈನ್‌ಮನ್ ಮಾರನೆಯ ದಿನ ಬಂದು ವರದಿ ಒಪ್ಪಿಸಿದ.

ಮುಂದಿನ ಸಾಲಿನಲ್ಲಿ ಕೂತು ನಕ್ಕವರು ಯಾರ್‍ಯಾರೆಂದು ಟಿಂಕರ್ ಅವನಿಂದ ಒಬ್ಬೊಬ್ಬರ ಹೆಸರನ್ನೂ ಕೇಳಿ ತಿಳಿದುಕೊಂಡ. ಅವರ ಕಾರುಗಳನ್ನು ಅವನು ಈಗ ಮುಟ್ಟುವುದಿಲ್ಲ.