ಸುರಿಗೆಗೆ ನಾಲ್ಕು ತಂಬಿಗೆ

ನಮ್ಮ ದೊಡ್ಡಪ್ಪ ಕರಿಸಿದ್ದಪ್ಪನಿಗೆ ಮರ್ಯಾದೆ ಬಹಳ ಇತ್ತು. ಎಷ್ಟಿತ್ತೆಂದರೆ, ಅದನ್ನು ಕಾಪಾಡಿಕೊಳ್ಳುವುದು ಬಿಟ್ಟು ಬೇರೆ ಯಾವ ಕೆಲಸಕ್ಕೂ ಅವನಿಗೆ ಪುರುಸೊತ್ತೇ ಸಿಗಲಿಲ್ಲ. ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಕೊಟ್ಟೂರು ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲ್ಲಿನಲ್ಲಿ ಕುಂತನೆಂದರೆ ಊಟದ ಹೊತ್ತಿಗೇ ಮನೆ ನೆನಪಾಗುತ್ತಿತ್ತು. ಅಪ್ಪ ತೀರಿಹೋದ ಮೇಲೆ ನಮ್ಮವ್ವ ಹಂಪಕ್ಕ ಬಾಡಿಗೆ ಪಾತ್ರೆಯ ಅಂಗಡಿ ಇಟ್ಟಾಗ ಮೊದಲು ಪೆಟ್ಟು ಬಿದ್ದದ್ದು ಈ ಮರ್ಯಾದೆಗೇ.

"ಮನೆತನದ ಹೆಣ್ಮಗಳು ಕೊಪ್ಪರಿಗಿ ಹೊತ್ಕೊಂಡು ಮಂದಿ ಹಿತ್ತಲದಾಗ ಅಡ್ಡಾಡಿದ್ರ ನಾ ಹೆಂಗ ತಲಿ ಎತ್ಲಿ?" ಎಂದ.

"ಹಂಗಾರ ನೀವ ಹೊತ್ಕೊಂಡು ಅಡ್ಡಾಡ್ರಿ ಬಾವಾರ, ನಾ ಮನ್ಯಾಗ ಕುಂದ್ರತೀನಿ," ಎಂದಳು ಅವ್ವ.

ಮತ್ತೆ ಆ ಮಾತನ್ನು ಅವನು ಅವಳೆದುರು ಎತ್ತಲಿಲ್ಲ. ಬೆನ್ನ ಹಿಂದೆ ಆಡಿಕೊಳ್ಳಲು ಹೋಟೆಲ್ಲಿನ ಬೆಂಚು ಇದ್ದೇ ಇತ್ತಲ್ಲ.

ಅವ್ವನ ಕೆಲಸ ಎಂಥದ್ದೆಂದು ಇಸ್ತ್ರಿ ಅಂಗಿಯವರಿಗೆ ಏನು ಗೊತ್ತು? ಊರವರ ಮದುವೆ ಮುಗಿದ ಮೇಲೆ ಅವಳ ಕೆಲಸ ಶುರು. ಸಾರಿನ ಜಿಡ್ಡು ಹಿಡಿದ ಹಂಡೆ, ತಳ ಸೀದ ಪಾಯಸದ ಬೋಗುಣಿ, ಕುರ್ಚಿ, ಜಮಖಾನೆ ಎಲ್ಲವನ್ನೂ ತಳ್ಳುವ ಗಾಡಿಗೆ ಹೇರಿಕೊಂಡು ಬರಬೇಕು. ಹುಣಸೆಹಣ್ಣು, ಬೂದಿ ಹಚ್ಚಿ ಫಳಫಳ ಹೊಳೆಯುವಂತೆ ತಿಕ್ಕಬೇಕು. ಕೂಡ್ಲಿಗಿಯಿಂದ, ಹಗರಿಬೊಮ್ಮನಹಳ್ಳಿಯಿಂದ ಆರ್ಡರ್ ಬಂದರೆ ಟೆಂಪೋದಲ್ಲಿ ಪಾತ್ರೆಗಳ ನಡುವೆ ತಾನೂ ಒಂದು ಪಾತ್ರೆಯಂತೆ ಕುಂತು ಹೋಗುತ್ತಿದ್ದಳು. ಜೊತೆಗೆ ಗಾಳೆಪ್ಪ. ಅಂಗಡಿ ಇಟ್ಟ ದಿನದಿಂದ ಇದ್ದ ಆಳು, ಮಾತು ಕಡಿಮೆ, ತೋಳು ಗಟ್ಟಿ.

ಪ್ರತಿ ಪಾತ್ರೆಯ ತಳಕ್ಕೆ ಅವ್ವ ತಾನೇ ಮೊಳೆ ಸುತ್ತಿಗೆ ಹಿಡಿದು ಚುಕ್ಕೆ ಚುಕ್ಕೆಯಾಗಿ 'ಹಂಪಕ್ಕ' ಎಂದು ಹೊಡೆಯುತ್ತಿದ್ದಳು. ಅವಳಿಗೆ ಬರೆಯಲು ಬರುತ್ತಿದ್ದದ್ದು ಅದೊಂದೇ. ಯಾವ ಪಾತ್ರೆ ಕೈಗೆ ಬಂದರೂ ಮೊದಲು ಬೋರಲು ಮಾಡಿ ತಳ ನೋಡುವುದು ಅವಳ ಚಟ. ನೆಂಟರ ಮನೆಯಲ್ಲಿ ನೀರು ಕೊಟ್ಟರೂ, ಕುಡಿದು ಲೋಟ ತಿರುಗಿಸಿ ನೋಡೇ ಕೆಳಗಿಡುತ್ತಿದ್ದಳು. ನನಗೆ ನಗು ತಡೆಯುತ್ತಿರಲಿಲ್ಲ.

ಮರ್ಯಾದಸ್ಥ ದೊಡ್ಡಪ್ಪ ತನ್ನ ಮಗಳ ಮದುವೆಗೆ ಅವ್ವನ ಅಂಗಡಿಯನ್ನೇ ಪೂರಾ ಖಾಲಿ ಮಾಡಿಸಿದ. ಬಾಡಿಗೆಯ ಸುದ್ದಿ ಇಲ್ಲ, ಮನೆಯವರಲ್ಲವೇ! ಎಲ್ಲ ವಾಪಸ್ ಬಂತು, ಸುರಿಗೆ ಶಾಸ್ತ್ರಕ್ಕೆ ಹೋದ ನಾಲ್ಕು ಹಿತ್ತಾಳೆ ತಂಬಿಗೆ ಮಾತ್ರ ಬರಲಿಲ್ಲ. ಕೇಳಲು ಹೋದರೆ ದೊಡ್ಡಪ್ಪ ಹಲ್ಲುಕಡ್ಡಿ ಆಡಿಸುತ್ತ, "ನಿನ್ನ ಆಳು ಗಾಳೆಪ್ಪನ್ನ ಕೇಳು. ಎಲ್ಲಿ ಮಾರ್ಕೊಂಡಾನೋ," ಎಂದ. ಗಾಳೆಪ್ಪ ಅಲ್ಲೇ ನಿಂತಿದ್ದ. ಅವನ ಮುಖ ಸಣ್ಣಗಾಯಿತು. ಮರುದಿನ ಕೆಲಸಕ್ಕೆ ಬರಲಿಲ್ಲ. ಅವ್ವ ಅವನ ಮನೆಗೆ ಹೋಗಿ, "ಏಳಪ್ಪ, ಹಂಡೆ ನಾ ಒಬ್ಬಾಕಿ ಎತ್ತಲಾ?" ಎಂದು ಕರೆದುಕೊಂಡು ಬಂದಳು. ಆದರೂ ಓಣಿಯಲ್ಲಿ ಅವನಿಗೆ 'ತಂಬಿಗಿ ಗಾಳೆಪ್ಪ' ಎಂಬ ಹೆಸರು ಅಂಟಿಕೊಂಡಿತು.

ಇನ್ನು ಸುರಿಗೆ. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಅವುಗಳ ಕೊರಳಿಗೆ ದಾರ ಸುತ್ತಿ, ನಡುವೆ ಮದುಮಗಳನ್ನೂ ಅವಳ ತಾಯಿಯನ್ನೂ ಕೂರಿಸಿ ಮುತ್ತೈದೆಯರು ನೀರು ಹಾಕುವ ಶಾಸ್ತ್ರ. ಊರಿನ ಎಷ್ಟೋ ಮದುವೆಗಳಿಗೆ ಅವ್ವನ ತಂಬಿಗೆಗಳೇ ಹೋಗಿದ್ದವು. ಆದರೆ ಗಂಡ ಇಲ್ಲದವಳು ಅತ್ತ ಸುಳಿಯುವಂತಿಲ್ಲ. ತಂಬಿಗೆ ಅಂಗಳಕ್ಕೆ, ತಂಬಿಗೆಯ ಒಡತಿ ಹಿತ್ತಲಿಗೆ. ಎಂಥ ಶಾಸ್ತ್ರವೋ, ಯಾರು ಮಾಡಿದ್ದೋ!

ಕೆಲವು ವರ್ಷ ಕಳೆದು, ತೊಂಬತ್ತೆಂಟರ ಬೇಸಿಗೆಯಲ್ಲಿ ನನ್ನ ಮದುವೆ ಗೊತ್ತಾಯಿತು. ನನಗೆ ಸೀರೆ ಬಂಗಾರದ ಚಿಂತೆ ಇರಲಿಲ್ಲ. ಸುರಿಗೆಯಲ್ಲಿ ನನ್ನ ಪಕ್ಕ ಅವ್ವನೇ ಕೂರಬೇಕು, ಅದೊಂದೇ ಹಟ. ಹಡಗಲಿಯ ಬೀಗರು ಹೂಂ ಅಂದಿದ್ದರು. ಅವ್ವನೂ ಹೊಸ ಹಸಿರು ಸೀರೆ ತಂದಿಟ್ಟುಕೊಂಡಿದ್ದಳು.

ಸುರಿಗೆಯ ದಿನ ನಮ್ಮ ಅಂಗಳದಲ್ಲಿ ಅಂಗಡಿಯ ತಂಬಿಗೆಗಳಿಗೆ ದಾರ ಸುತ್ತಿ ಆಗಿತ್ತು. ನಾನು ಮಣೆಯ ಮೇಲೆ ಕುಂತಿದ್ದೆ. ಅವ್ವ ಒಂದು ಕಾಲು ಒಳಗಿಟ್ಟಳು. ದೊಡ್ಡಪ್ಪ ಕುರ್ಚಿಯಿಂದ ಎದ್ದ. ಆ ಕುರ್ಚಿಯೂ ನಮ್ಮ ಅಂಗಡಿಯದೇ.

"ಹಂಪಕ್ಕ, ತಡಿ. ಹುಡುಗಿ ಬಾಳೇವು ಚೊಲೊ ಆಗಬೇಕಂದ್ರ ನೀನು ಹಿಂದ ಸರಿ. ನಮ್ಮಾಕಿ ಕುಂದ್ರತಾಳ."

ದೊಡ್ಡಮ್ಮ ಕಲ್ಯಾಣಮ್ಮ ಆಗಲೇ ಸೆರಗು ಸಿಗಿಸಿಕೊಂಡು ತಯಾರಾಗಿದ್ದಳು. "ಅವ್ವ ಕುಂದ್ರದಿದ್ರ ನಾನೂ ಏಳತೀನಿ," ಎಂದೆ. ಅವ್ವ ನನಗೆ ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದಳು.

"ಆತು ಬಾವಾರ. ನನ್ನ ಕೈ ಚೊಲೊ ಅಲ್ಲಂದ್ರ ನನ್ನ ಕೈಲೆ ಕೊಂಡ ತಂಬಿಗಿ ಹೆಂಗ ಚೊಲೊ ಆಕ್ಕಾವು? ಗಾಳೆಪ್ಪ, ಇವನ್ನ ಒಳಗಿಡಪ್ಪ."

ಗಾಳೆಪ್ಪ ನಾಲ್ಕೂ ಎತ್ತಿಕೊಂಡ. ದಾರ ನೆಲಕ್ಕೆ ಬಿತ್ತು. ನೆರೆದ ಮುತ್ತೈದೆಯರು ಬಾಯಿಗೆ ಸೆರಗು ಹಿಡಿದರು. ಯಾರೋ ಒಬ್ಬಳು ಪ್ಲಾಸ್ಟಿಕ್ ಚೊಂಬು ತರಲೇ ಎಂದಳು, ಪುಣ್ಯಾತ್ಗಿತ್ತಿ. ದೊಡ್ಡಪ್ಪನಿಗೆ ರೇಗಿತು. "ಊರಾಗ ಈಕೀದೊಂದ ತಂಬಿಗಿ ಏನು? ಏ ಇವಳ, ಹೋಗು, ನಮ್ಮ ಮನೀವು ತಗೊಂಡು ಬಾ!"

ಅವರ ಮನೆ ಎರಡು ಬಾಗಿಲಾಚೆ. ದೊಡ್ಡಮ್ಮ ಓಡಿಹೋಗಿ ನಾಲ್ಕು ಹಿತ್ತಾಳೆ ತಂಬಿಗೆ ತಂದಳು. ಚೆನ್ನಾಗಿ ಬೆಳಗಿದ್ದವು. ಅವ್ವ ಕೈ ಚಾಚಿದಳು. ಓಡಿ ಬಂದ ಏದುಸಿರಿನಲ್ಲಿ ದೊಡ್ಡಮ್ಮ ಕೊಟ್ಟೂಬಿಟ್ಟಳು. ಅವ್ವ ಚಟದಂತೆ ಒಂದನ್ನು ಬೋರಲು ಮಾಡಿದಳು.

ಹೊರಬಂದಿದ್ದ ಗಾಳೆಪ್ಪ ಬಗ್ಗಿ ನೋಡಿದ. ಆ ಚುಕ್ಕೆಗಳನ್ನು ಗುರುತಿಸಲು ಅವನಿಗೆ ಓದು ಬೇಕಿರಲಿಲ್ಲ. "ಯವ್ವಾ, ನಮ್ಮ ತಂಬಿಗಿ!" ಎಂದು ಕೂಗಿಯೇಬಿಟ್ಟ.

ಉಳಿದ ಮೂರರ ತಳದಲ್ಲೂ 'ಹಂಪಕ್ಕ'. ದೊಡ್ಡಮ್ಮನಿಗೆ ನೆನಪೇ ಇರಲಿಲ್ಲ, ಪಾಪ. ಕದ್ದ ಮಾಲನ್ನೂ ವರ್ಷಾನುಗಟ್ಟಲೆ ತಿಕ್ಕಿದರೆ ಸ್ವಂತದ್ದಾಗಿಬಿಡುತ್ತದೆ ಎಂದುಕೊಂಡಿದ್ದಳೇನೋ.

"ಅದು... ಗದ್ದಲದಾಗ ಅದಲು ಬದಲು ಆಗಿರಬೇಕು," ಎಂದ ದೊಡ್ಡಪ್ಪ.

"ಆಗಿರಬೇಕು ಬಾವಾರ. ಆ ಮಾತು ಗಾಳೆಪ್ಪನ ಮಾರಿ ನೋಡಿ ಹೇಳ್ರಿ."

ಮರ್ಯಾದಸ್ಥನಿಗೆ ಆಗಲೇ ಬೀಗರ ಟೆಂಪೋ ಎಲ್ಲಿಗೆ ಬಂತೋ ನೋಡುವ ತುರ್ತು ಕೆಲಸ ಬಂತು. ಚಪ್ಪಲಿ ಮೆಟ್ಟಲೂ ಮರೆತು ಹೋದ.

ಅವ್ವ ನಾಲ್ಕು ಮೂಲೆಗೆ ತಾನೇ ಆ ತಂಬಿಗೆಗಳನ್ನು ಇಟ್ಟಳು. ಹಸಿರು ಸೀರೆ ಮಡಚಿಕೊಂಡು ನನ್ನ ಪಕ್ಕ ಕುಂತಳು. "ಅಕ್ಕಾ, ದಾರ ಸುತ್ತು," ಎಂದಳು. ದೊಡ್ಡಮ್ಮ ತಲೆ ತಗ್ಗಿಸಿ ಸುತ್ತಿದಳು. ಆಮೇಲೆ ಇನ್ನೊಂದು ತಂಬಿಗೆಯಿಂದ ನೀರು ಹಾಕತೊಡಗಿದಳು. ಅಲ್ಲೂ ಅವಳ ಬುದ್ಧಿ ನೋಡಿ! ನನ್ನ ತಲೆಗಷ್ಟೇ ಸುರಿಯುತ್ತಿದ್ದಳು. ಒಂದು ಹನಿಯೂ ಅವ್ವನ ಮೇಲೆ ಬೀಳದಂತೆ ಕೈ ಅಡ್ಡ ಹಿಡಿದಿದ್ದಳು. ಅವ್ವನಿಗೆ ಅದು ತಿಳಿಯಿತು. ಬೂದಿ ತಿಕ್ಕಿ ಬಿರುಕು ಬಿಟ್ಟ ಅವಳ ಬೆರಳುಗಳು ಮಡಿಲಲ್ಲಿ ಸುಮ್ಮನೆ ಕೂತಿದ್ದವು.

ನಾನು ದೊಡ್ಡಮ್ಮನ ಕೈಯಿಂದ ತಂಬಿಗೆ ಕಸಿದುಕೊಂಡೆ. ಪೂರಾ ಅವ್ವನ ನೆತ್ತಿಯ ಮೇಲೆ ಸುರಿದೆ.

"ಲೇ, ಹೊಸಾ ಸೀರಿ ಲೇ!" ಎಂದು ಚೀರಿದಳು ಅವ್ವ. ಹಾಗೆ ಚೀರುತ್ತಲೇ ಮುಖದ ನೀರು ಒರೆಸಿಕೊಳ್ಳದೆ, ಇನ್ನಷ್ಟು ಹಾಕು ಎಂಬಂತೆ ತಲೆ ಬಗ್ಗಿಸಿದಳು.