ಆರಿಯಸೇನನ ಒಂಬತ್ತು ನೀಲಗಳು

ನನ್ನ ಭಾವ ಆರಿಯಸೇನನಿಗೆ ದೇವರು ನಾಲಿಗೆ ಕೊಟ್ಟಿದ್ದು ಎರಡೇ ಕೆಲಸಕ್ಕೆ. ಕಲ್ಲು ನೆಕ್ಕುವುದಕ್ಕೆ, ಬಡಾಯಿ ಕೊಚ್ಚುವುದಕ್ಕೆ. ಸಿಲೋನಿನ ಗಣಿಯೂರು ನಮ್ಮ ನಿವಿತಿಗಲದಲ್ಲಿ ಯಾರಿಗೆ ನೀಲದ ಹರಳು ಸಿಕ್ಕರೂ ಇವನ ಮುಂದೆ ಹಿಡಿಯಬೇಕು. ನೆಕ್ಕಿ, ಬಿಸಿಲಿಗೆ ಎತ್ತಿ, ಒಂದು ಕಣ್ಣು ಮುಚ್ಚಿ, "ಇದು ನಮ್ಮ ಮಣ್ಣಿಂದು" ಎಂದೋ "ಥೂ, ಮಡಗಾಸ್ಕರ್‌ದು" ಎಂದೋ ತೀರ್ಪು ಕೊಡುತ್ತಿದ್ದ. ಆ ತೀರ್ಪಿನ ಮೇಲೆ ಇನ್ನೊಂದು ಕೋರ್ಟು ಇರಲಿಲ್ಲವಾದ್ದರಿಂದ ನಲವತ್ತು ವರ್ಷ ಒಮ್ಮೆಯೂ ತಪ್ಪಲಿಲ್ಲ, ಪುಣ್ಯಾತ್ಮ. ನನ್ನ ಅಕ್ಕ ಪದ್ಮಾ ಇದನ್ನೆಲ್ಲ ನಂಬಿದಳು. ಹೆಂಚಿನ ಮನೆ ಕಟ್ಟಿಸುತ್ತೇನೆಂಬ ಮಾತನ್ನೂ ನಂಬಿ ಇಪ್ಪತ್ತೆರಡು ವರ್ಷ ತಗಡಿನ ಕೆಳಗೆ ಬೆಂದಳು.

ಆರು ವರ್ಷದ ಹಿಂದೆ ಕೊಲಂಬೊದ ಪ್ರಯೋಗಾಲಯದಿಂದ ತಿಲಿನಿ ಎಂಬ ಹುಡುಗಿ ಬಂದಳು. ಗಣಿಯವರೆಲ್ಲ ಅವಳನ್ನು ನೋನಾ ಎನ್ನುತ್ತಿದ್ದರು, ಓದಿದ ಹೆಣ್ಣಲ್ಲವೇ. ಕಲ್ಲನ್ನು ನೋಡಿಯೇ ಅದು ಯಾವ ದೇಶದ್ದೆಂದು ಹೇಳಬಹುದೇ ಎಂಬುದು ಅವಳ ತಲೆನೋವು.

"ಒಂದು ಕಾಲಕ್ಕೆ ಮಡಗಾಸ್ಕರೂ ನಮ್ಮ ದ್ವೀಪವೂ ಅಂಟಿಕೊಂಡಿದ್ವು. ಎರಡು ಕಡೆ ನೀಲಗಳೂ ಅಕ್ಕತಂಗೀರು ಇದ್ದಂಗೆ. ಒಳಗಿನ ಸೂಜಿಗೆರೆ ನೋಡಿದ್ರೂ, ಕಬ್ಬಿಣದ ಅಂಶ ಅಳೆದ್ರೂ ಎಷ್ಟೋ ಸಲ ಬೇರೆ ಮಾಡಕ್ಕಾಗಲ್ಲ. ಅದಕ್ಕೇ ನನ್ನ ಕಣ್ಣೆದುರೇ ನೆಲದಿಂದ ಎದ್ದ ಕಲ್ಲು ಬೇಕು. ಮಿಕ್ಕಿದ್ದನ್ನೆಲ್ಲ ಅದರ ಜೊತೆ ಹೋಲಿಸ್ತೀವಿ," ಎಂದಳು.

"ಅದಕ್ಕೆ ಮಿಷಿನ್ ಯಾಕೆ ನೋನಾ? ನನ್ನ ಕೇಳಿ!" ಎಂದ ಭಾವ. ಅವಳನ್ನು ತನ್ನ ಗಣಿಗುಂಡಿಗೇ ಕರೆದ.

ಕಣ್ಣೆದುರು ಎಂದಳಲ್ಲ, ಅದೇ ಆಗಲಿಲ್ಲ. ಹೆಂಗಸು ಗುಂಡಿಯ ಹತ್ತಿರ ಸುಳಿದರೆ ಸಮನ್ ದೇವರು ಕಲ್ಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನಂತೆ. ತೆಂಗಿನ ಗರಿ ಕಟ್ಟಿದ ಹಗ್ಗದ ಈಚೆ, ನಾನು ಗಣಿಯವರಿಗೆ ಅನ್ನ ಬೇಯಿಸುವ ಒಲೆಯ ಪಕ್ಕ, ಇಪ್ಪತ್ತು ಹೆಜ್ಜೆ ದೂರದಲ್ಲಿ ಅವಳನ್ನು ನಿಲ್ಲಿಸಿದರು. ಭಾವ ನಮಗೆ ಬೆನ್ನು ಹಾಕಿ, ಸೊಂಟದವರೆಗೆ ನೀರಿನಲ್ಲಿ ನಿಂತು ಜಲ್ಲಿಮಣ್ಣಿನ ಬುಟ್ಟಿ ತಿರುಗಿಸಿದ. ನಡುವೆ ಅವನ ಕೈ ಉಟ್ಟ ಸರೊಂಗಿನ ಮಡಿಕೆಗೆ ಹೋಗಿ ಬುಟ್ಟಿಗೆ ಬಂತು. ಅವಳು ಪುಸ್ತಕದಲ್ಲಿ ಏನೋ ಬರೆಯುತ್ತಿದ್ದಳು. ನಾನು ನೋಡಿದೆ. ಬುಟ್ಟಿಯಲ್ಲಿ ಒಂಬತ್ತು ನೀಲ!

ಒಂಬತ್ತನ್ನೂ ತೆಗೆದುಕೊಂಡು ಅವಳ ಜೀಪು ಹೋದ ಮೇಲೆ ಕೇಳಿದೆ. "ಎಷ್ಟು ಹಾಕಿದೆ ಭಾವ?"

"ಐದು. ಬೇರುವಲದ ವ್ಯಾಪಾರಿ ಮಡಗಾಸ್ಕರ್‌ನಿಂದ ತಂದಿದ್ದ. ನಮ್ಮ ಗುಂಡಿ ಹೆಸರು ಪುಸ್ತಕಕ್ಕೆ ಹೋಗುತ್ತೆ ಕಣೇ, ಬರೀ ನಾಲ್ಕು ತೋರಿಸಿ ಮಾನ ಕಳ್ಕೊಳ್ಳಕ್ಕಾಗುತ್ತಾ? ನೀನು ಬಾಯಿ ಮುಚ್ಕೊಂಡಿರು."

ಮುಚ್ಚಿಕೊಂಡಿದ್ದೆ.

ಈ ವರ್ಷ ವೆಸಾಕ್ ಹಬ್ಬ ಆದ ಮೇಲೆ ಗುಂಡಿ ನಿಜಕ್ಕೂ ಕೊಟ್ಟಿತು. ಹುಣಸೆಬೀಜಕ್ಕಿಂತ ದೊಡ್ಡದು, ತಿಳಿನೀಲಿ. ಐದು ಜನ ಕೂಲಿಯವರು ನೋಡುತ್ತಿದ್ದಂತೆಯೇ ಎದ್ದ ಕಲ್ಲು. ಆ ಮನುಷ್ಯನ ಕೈಯಿಂದ ಬಂದ ಒಂದೇ ಒಂದು ನಿಜ. ಕೊಳ್ಳುವವನು ಮಾತ್ರ ಕೊಲಂಬೊದ ಕಾಗದ ಕೇಳಿದ. ಸಿಲೋನ್ ಎಂದು ಬರೆದಿದ್ದರೆ ಅಕ್ಕನ ಹೆಂಚಿನ ಮನೆ ಆಗುತ್ತದೆ, ಇಲ್ಲದಿದ್ದರೆ ಐವರಿಗೆ ಪಾಲು ಕೊಟ್ಟು ಉಳಿಯುವುದು ಬಾಗಿಲಿಗೂ ಸಾಲದು. ನೋನಾ ನನಗೆ ಪರಿಚಯವೆಂದು ಅಕ್ಕ ನನ್ನನ್ನೂ ಭಾವನ ಜೊತೆ ಕೊಲಂಬೊಗೆ ಕಳಿಸಿದಳು.

ತಿಲಿನಿ ವಾರವಿಡೀ ಪರೀಕ್ಷಿಸಿ ತಲೆಯಾಡಿಸಿದಳು. "ಹೇಳಕ್ಕಾಗಲ್ಲ ಆರಿಯಸೇನ ಅವರೇ. ನಿಮ್ಮ ಗುಂಡಿದೇ ಒಂಬತ್ತು ಕಲ್ಲು ನಮ್ಮ ಹತ್ರ ಇದೆ. ಅದರ ಲೆಕ್ಕವೆಲ್ಲ ಮಡಗಾಸ್ಕರ್ ಕಲ್ಲುಗಳ ಜೊತೆ ಕಲಸಿಹೋಗಿದೆ. ಇದೂ ಅದರಲ್ಲೇ ಬೀಳುತ್ತೆ."

ಭಾವನ ಮುಖ ಬೂದಿಯಾಯಿತು. ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. "ಬಾಯಿ ಬಿಡು ಭಾವ. ನೀನು ಹೇಳ್ತೀಯೋ, ನಾನು ಹೇಳಲೋ?" ಎಂದೆ.

ಹೇಳಿದ. ತಿಲಿನಿ ಲೆಕ್ಕದ ಪುಸ್ತಕ ಮುಚ್ಚಿದಳು. ಆರು ವರ್ಷದ ಕೆಲಸ ಅವಳದು. ಆಮೇಲೆ ಎದ್ದು ಹೋಗಿ ಒಂಬತ್ತೂ ಕಲ್ಲುಗಳನ್ನು ತಟ್ಟೆಯಲ್ಲಿ ತಂದಿಟ್ಟಳು. "ಸರಿ. ನೀವು ಹಾಕಿದ ಐದನ್ನ ಆರಿಸಿಕೊಡಿ. ಅವನ್ನ ತೆಗೆದು ಮತ್ತೆ ಲೆಕ್ಕ ಹಾಕ್ತೀನಿ. ಬೇಕಿದ್ರೆ ನೆಕ್ಕಿ."

ನೆಕ್ಕಿದ! ಕಿಟಕಿಯ ಬೆಳಕಿಗೆ ಹಿಡಿದ, ಒಂದು ಕಣ್ಣು ಮುಚ್ಚಿದ, ಐದನ್ನು ಬದಿಗಿಟ್ಟ. "ಇವೇ. ಹೆತ್ತ ಮಕ್ಕಳ ಮಧ್ಯೆ ಪರರ ಮಕ್ಕಳ ಗುರುತು ಸಿಗಲ್ವಾ?"

ಅವಳು ಯಾವುದು ಯಾವುದೆಂದು ಬರೆದುಕೊಂಡಳು. ತಟ್ಟೆ ಅಲುಗಿಸಿ ಒಂಬತ್ತನ್ನೂ ಬೆರೆಸಿದಳು. "ಇನ್ನೊಂದು ಸಲ."

ಎರಡನೇ ಸಲ ಆರಿಸಿದ ಐದರಲ್ಲಿ ಮೂರು ಬೇರೆ ಇದ್ದವು. ಮೂರನೇ ಸಲ ಅವನ ಕೈಯೇ ಮುಂದಕ್ಕೆ ಹೋಗಲಿಲ್ಲ. ತಿಲಿನಿ ನನ್ನತ್ತ ನೋಡಿದಳು. ನನಗಾದರೂ ಏನು ಗೊತ್ತು, ಇಪ್ಪತ್ತು ಹೆಜ್ಜೆ ದೂರದಿಂದ ನಾನು ಕಂಡಿದ್ದು ಬರೀ ಕೈ. 'ಮೂಲ ನಿರ್ಧರಿಸಲಾಗಿಲ್ಲ' ಎಂದು ಬರೆದು ರುಜು ಹಾಕಿದಳು.

ಮನೆ ತಲುಪಿದಾಗ ಅಕ್ಕ ಹಬ್ಬದಂತೆ ತೆಂಗಿನಹಾಲಿನಲ್ಲಿ ಅನ್ನ ಬೇಯಿಸಿ ಕಿರಿಬತ್ ಮಾಡಿ, ಅಂಗಳದಲ್ಲಿ ಬಾಳೆಯೆಲೆ ಹಾಸಿ ಕಾಯುತ್ತಿದ್ದಳು. "ಎಲ್ಲಿಯ ಕಲ್ಲಂತೆ?" ಎಂದಳು. ಊರಿಗೆಲ್ಲ ಇದಕ್ಕೆ ಉತ್ತರ ಹೇಳಿದವನು ತಲೆ ತಗ್ಗಿಸಿ ಚಪ್ಪಲಿ ಬಿಡುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಸರೊಂಗಿನ ಮಡಿಕೆ, ಐದು ಕಲ್ಲು, ತಟ್ಟೆ, ಎಲ್ಲವನ್ನೂ ಒಂದೂ ಬಿಡದೆ ಒದರಿದೆ. ಈಗಲಾದರೂ ಇವನಿಗೆ ಉಗಿಯಲಿ ಎಂದು ಕಾದೆ.

ಅಕ್ಕ ಅವನ ಕಡೆ ನೋಡಲೇ ಇಲ್ಲ.

"ಅವತ್ತು ಎಲ್ಲ ನೋಡ್ಕೊಂಡು ಆ ನೋನಾ ಪಕ್ಕದಲ್ಲೇ ನಿಂತಿದ್ದೆ ಅಲ್ವೇನೇ ನೀನು?" ಎಂದಳು.

ನಾನು ಒಲೆಯ ಮುಂದೆ ಕೂತು ಟೀಗೆ ನೀರಿಟ್ಟೆ.